ಕಾಲಿಲ್ಲದೆ ಮಣ್ಣಾದವರು ಹೇಗೆ ಏಳುತ್ತಾರೆ?

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ತೋಟದ ಮನೆ, ಕಥೋಲಿಕ ಕುಟುಂಬ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಹೆಂಗಸಿಗೆ 61 ವರ್ಷ. ಹಳೆಯ ಸಕ್ಕರೆ ಕಾಯಿಲೆ, ದಿನಕ್ಕೆರಡು ಹೊತ್ತು ಇನ್ಸುಲಿನ್. ಗಂಡನಿಗೂ ಅದೇ ಕಾಯಿಲೆಯಿತ್ತು. ತೋಟದಲ್ಲಾದ ಗಾಯ ಕೊಳೆತು, ಆಸ್ಪತ್ರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಇಳಿದಿತ್ತು, ಉಳಿಯಲಿಲ್ಲ. ಮೂರು ತಿಂಗಳಾದ ಮೇಲೆ ನಾದಿನಿ ಈಕೆಯನ್ನು ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದರು. ಗಂಡನ ಆತ್ಮಕ್ಕಾಗಿ 40 ದಿನ ಒಪ್ಪತ್ತಿನ ಹರಕೆ ಹೊತ್ತಿದ್ದರು, ಇನ್ಸುಲಿನ್ ಬಿಟ್ಟಿದ್ದರು, ಅಳುತ್ತಲೂ ಇರಲಿಲ್ಲ. "ಅತ್ರೆ ವಿಶ್ವಾಸ ಇಲ್ಲ ಅಂತ ಅರ್ಥ ಅಂದ್ರು ಪ್ರಾರ್ಥನಾ ಕೂಟದವ್ರು. ಈ ಮೈ ಹೇಗೂ ಮಣ್ಣಿಗೆ ಹೋಗೋದು, ಆತ್ಮ ಒಂದು ಚೆನ್ನಾಗಿದ್ರೆ ಸಾಕಲ್ಲ?"

ಇಂಥ ಮಾತು ಕೇಳಿದೊಡನೆ ಬೈಬಲ್ ತೆರೆಯಬಾರದು. ಮೊದಲು ನೇರವಾಗಿ ಕೇಳಬೇಕು, ಕೇಳಿದ್ದೂ ಹಾಗೆಯೇ: "ಅಮ್ಮ, ಸಾಯಬೇಕು ಅನ್ನಿಸ್ತಿದೆಯಾ? ಅದಕ್ಕೇ ಸೂಜಿ ಬಿಟ್ಟಿದ್ದಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳದಿದ್ದರೆ ಒಳಗಿದ್ದದ್ದು ಹೊರಗೆ ಬರುವುದಿಲ್ಲ, ಅಷ್ಟೆ. ಆಕೆ ತುಸು ಹೊತ್ತು ಸುಮ್ಮನಿದ್ದು, "ಬೇಗ ಅವರ ಹತ್ರ ಹೋದ್ರೆ ಒಳ್ಳೇದಲ್ವಾ" ಎಂದರು.

ಅಂದೇ ತಾಲ್ಲೂಕು ಆಸ್ಪತ್ರೆಗೆ ಕಳಿಸಲಾಯಿತು. ಇನ್ಸುಲಿನ್ ಬಿಟ್ಟವರಿಗೆ ವಾಂತಿ, ಹೊಟ್ಟೆನೋವು, ಮೇಲುಸಿರು, ಮಂಪರು ಕಂಡರೆ ಮನೆಯಲ್ಲಿ ಒಂದು ರಾತ್ರಿಯೂ ಕಾಯುವಂತಿಲ್ಲ. ಇನ್ನೊಂದು ಅಪಾಯವೂ ಇದೆ. ಎಚ್ಚೆತ್ತ ಮನೆಯವರು ಹಳೆಯ ಪ್ರಮಾಣದ ಇನ್ಸುಲಿನ್ನನ್ನೇ ಚುಚ್ಚಿಬಿಡುತ್ತಾರೆ. ಊಟ ಅರ್ಧಕ್ಕಿಳಿದ ಮೈಯಲ್ಲಿ ಆ ಪ್ರಮಾಣಕ್ಕೆ ರಕ್ತದ ಸಕ್ಕರೆ 70ರ (ಮಿ.ಗ್ರಾಂ/ಡಿ.ಲೀ.) ಕೆಳಗೆ ಕುಸಿದು ಬೆವರು, ನಡುಕ ಶುರುವಾಗಬಹುದು. ಹಾಗಾದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಹೊಸ ಪ್ರಮಾಣವನ್ನು ವೈದ್ಯರೇ ಗೊತ್ತುಮಾಡಿದರು.

ನಾದಿನಿಗೆ ಹೇಳಿದ್ದು ಬೇರೆ. ಅಡಿಕೆ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತ, ಕಳೆನಾಶಕ ಎರಡನ್ನೂ ಅಂದೇ ಮನೆಯಿಂದ ಸಾಗಿಸಿ. ಇನ್ಸುಲಿನ್ ನಿಮ್ಮ ಕೈಯಲ್ಲಿರಲಿ. ರಾತ್ರಿ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಿ ಕರೆದರೂ ಕನ್ನಡದಲ್ಲಿ ಮಾತಾಡುತ್ತಾರೆ. ಮಲೆನಾಡಿನ ತೋಟದ ಮನೆಗಳಲ್ಲಿ ವಿಷ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಈ ಒಂದು ಕೆಲಸವನ್ನು ಯಾವ ಕಾರಣಕ್ಕೂ ಮುಂದೂಡಬಾರದು.

ಹರಕೆಯ ತೊಡಕು ಸುಲಭವಾಗಿ ಬಗೆಹರಿಯಿತು. ಕಥೋಲಿಕ ಧರ್ಮಸಭೆಯ ಉಪವಾಸದ ಕಟ್ಟಳೆ 59 ತುಂಬಿದವರಿಗೆ ಇಲ್ಲವೇ ಇಲ್ಲ. ಸ್ವಂತ ಹರಕೆಯಿಂದ ಬಿಡುಗಡೆ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೆ, ಅಂದರೆ ಊರಿನ ಚರ್ಚಿನ ಪಾದ್ರಿಗಳಿಗೆ ಇದೆ. ಅವರು ಕೊಟ್ಟರು.

ಸಕ್ಕರೆ ಹತೋಟಿಗೆ ಬಂದ ಮೇಲೆ ನಿಜವಾದ ಪ್ರಶ್ನೆ ಹೊರಬಿತ್ತು. "ಕಾಲನ್ನ ಕಸಕ್ಕೆ ಹಾಕಿದ್ರಂತೆ. ಕೊನೇ ದಿನ ನಮ್ಮನೆಯವ್ರು ಕುಂಟ್ಕೊಂಡು ಏಳ್ಬೇಕಾ?"

ಊರಿನ ಕಸಕ್ಕೆ ಹಾಕುವುದಿಲ್ಲ ಎಂದು ಮೊದಲು ತಿಳಿಸಿದೆವು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಕತ್ತರಿಸಿದ ಅಂಗ ಹಳದಿ ಚೀಲಕ್ಕೆ ಹೋಗುತ್ತದೆ, ಅದನ್ನು ಪ್ರತ್ಯೇಕವಾಗಿ ಸುಡುತ್ತಾರೆ ಅಥವಾ ಆಳದಲ್ಲಿ ಹೂಳುತ್ತಾರೆ. ಆ ಮೇಲೆ ಕ್ರಿ.ಶ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ನಡೆದದ್ದನ್ನು ಹೇಳಿದೆವು. ಕ್ರೈಸ್ತ ಹುತಾತ್ಮರಿಗೆ ಪುನರುತ್ಥಾನದ, ಅಂದರೆ ಕೊನೆಯ ದಿನ ದೇಹಸಮೇತ ಏಳುವ ಆಸೆಯೇ ಉಳಿಯದಿರಲಿ ಎಂದು ಕೊಂದವರು ಹೆಣಗಳನ್ನು ಸುಟ್ಟು, ಬೂದಿಯನ್ನು ರೋನ್ ನದಿಗೆ ತಳ್ಳಿದರು. ಸಭೆ ಅದರಿಂದ ಎದೆಗುಂದಲಿಲ್ಲ. ಎಬ್ಬಿಸುವವನು ಸೃಷ್ಟಿಸಿದವನೇ. ಅವನಿಗೆ ಚೂರುಗಳನ್ನು ನಾವು ಒಟ್ಟುಮಾಡಿ ಕೊಡಬೇಕಾಗಿಲ್ಲ. 1963ರಿಂದ ಕಥೋಲಿಕ ಸಭೆ ಶವದಹನಕ್ಕೂ ಒಪ್ಪಿರುವುದು ಇದೇ ನಂಬಿಕೆಯ ಬಲದಿಂದ.

ಏಳುವ ಮೈ ಹೇಗಿರುತ್ತದೆ? ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪ್ರೇಷಿತ ಪೌಲನು ಬೀಜದ ಮಾತೆತ್ತುತ್ತಾನೆ. ಆಕೆಗೆ ಅದನ್ನು ವಿವರಿಸಬೇಕಾಗಲಿಲ್ಲ. ಗೋಟನ್ನು (ಬೀಜದ ಹಣ್ಣಡಿಕೆ) ತೊಟ್ಟು ಮೇಲಾಗಿ ಮರಳಲ್ಲಿ ಹೂತು, ಒಂದೂವರೆ ತಿಂಗಳು ಕಾದು ಮೊಳಕೆ ನೋಡಿದ ಕೈ ಅದು. "ಗೋಟು ನೋಡಿ ಮರ ಹೀಗೇ ಇರುತ್ತೆ ಅಂತ ಹೇಳಕ್ಕಾಗಲ್ಲ. ಆದ್ರೆ ಆ ಗೋಟಿಂದೇ ಮರ" ಎಂದು ತಾವೇ ಹೇಳಿದರು. ಯೇಸುಸ್ವಾಮಿ ಎದ್ದು ಬಂದಾಗ ಶಿಷ್ಯರ ಮುಂದೆ ಸುಟ್ಟ ಮೀನು ತಿಂದರು (ಲೂಕ 24), ತೋಮನಿಗೆ ಗಾಯದ ಗುರುತು ತೋರಿಸಿದರು (ಯೊವಾನ್ನ 20). ನೋವು ಹೋಗಿತ್ತು, ಆದರೂ ಅದೇ ಕೈ, ಅದೇ ಪಕ್ಕೆ. ಹಾಗಾಗಿ "ಮೈ ಮಣ್ಣು, ಆತ್ಮ ಮಾತ್ರ ನಿಜ" ಎಂಬುದು ಕ್ರೈಸ್ತ ವಿಶ್ವಾಸವೇ ಅಲ್ಲ. ಪ್ರತಿ ಭಾನುವಾರ ದೇಹದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ ಎನ್ನುವವರು ಆ ದೇಹಕ್ಕೆ ಇನ್ಸುಲಿನ್ ತಪ್ಪಿಸುವುದು ಆ ಮಾತಿಗೇ ವಿರುದ್ಧ.

ಅಳುವಿನ ಬಗ್ಗೆ ಹೆಚ್ಚು ಹೇಳಲಿಲ್ಲ. ಸತ್ತಿದ್ದ ಗೆಳೆಯ ಲಾಜರನನ್ನು ಇನ್ನೇನು ಎಬ್ಬಿಸಲಿದ್ದ ಯೇಸುವೇ ಸಮಾಧಿಗೆ ಹೋಗುವ ದಾರಿಯಲ್ಲಿ ಕಣ್ಣೀರಿಟ್ಟರು. ಥೆಸಲೋನಿಕದವರಿಗೆ ಬರೆದಾಗ ಪೌಲನು ಅಳಬೇಡಿ ಎನ್ನಲಿಲ್ಲ, ನಿರೀಕ್ಷೆ ಇಲ್ಲದವರಂತೆ ದುಃಖಿಸಬೇಡಿ ಎಂದ. ಆ ದಿನ ಆಕೆ ತುಂಬ ಹೊತ್ತು ಅತ್ತರು.

ಮುಂದಿನ ಸಲಹೆಯೆಲ್ಲ ಆಕೆಯ ಪಾದಗಳದ್ದು. ಗಂಡನ ಕಾಲು ಹೋದದ್ದು ಜೋಮು ಹಿಡಿದ ಪಾದದ ಗಾಯ ಗೊತ್ತಾಗದೆ. ಈಕೆಯ ಅಂಗಾಲಿಗೂ ಸ್ಪರ್ಶ ಕಡಿಮೆಯಾಗಿತ್ತು, ಉಂಬಳ (ಜಿಗಣೆ) ಕಚ್ಚಿದರೂ ತಿಳಿಯುತ್ತಿರಲಿಲ್ಲ. ರಾತ್ರಿ ಪ್ರಾರ್ಥನೆಗೆ ಕೂರುವ ಮುಂಚೆ ಕಾಲು ತೊಳೆದು, ಬೆರಳ ಸಂದನ್ನು ಒಣಬಟ್ಟೆಯಲ್ಲಿ ಒರೆಸುವುದು. ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡುವುದು. ಕೊಬ್ಬರಿ ಎಣ್ಣೆ ಹಿಮ್ಮಡಿಗೆ ಸರಿ, ಸಂದಿಗೆ ಬೇಡ. ಅಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಮಳೆಗಾಲದ ಚಳಿಗೆ ಒಲೆ ಮುಂದೆ ಕಾಲು ಚಾಚಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ತೋಟಕ್ಕೆ ಬರಿಗಾಲಲ್ಲಿ ಇಳಿಯುವಂತಿಲ್ಲ, ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ನೋಡಿಕೊಳ್ಳಬೇಕು. ಪ್ರಾರ್ಥನೆಗೆ ಅಂಟಿಸಿದ್ದರಿಂದ ಈ ಅಭ್ಯಾಸ ತಪ್ಪಿಲ್ಲ.

ಈಗ ಆಕೆ ಮೂರು ಹೊತ್ತು ಉಣ್ಣುತ್ತಾರೆ. ಸಾಯುವ ಯೋಚನೆ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುತ್ತೇವೆ. ಭಾನುವಾರ ಪೂಜೆ ಮುಗಿಸಿ ಸಮಾಧಿಯ ಹತ್ತಿರ ಹೋಗಿ ಅಳುತ್ತಾರೆ, ಅದಕ್ಕೆ ಚಿಕಿತ್ಸೆ ಬೇಡ. ಸಾವಾಗಿ ಆರು ತಿಂಗಳು ದಾಟಿದ ಮೇಲೂ ಹಂಬಲ ತಗ್ಗದೆ, ಊಟ, ನಿದ್ದೆ, ಮನೆಗೆಲಸ ನಿಂತೇ ಹೋದರೆ ಮನೋವೈದ್ಯರಿಗೆ ತೋರಿಸಬೇಕೆಂದು ನಾದಿನಿಗೆ ಬರೆದುಕೊಟ್ಟಿದ್ದೇವೆ. ಅಳಬೇಡ ಎಂದಿದ್ದ ಪ್ರಾರ್ಥನಾ ಕೂಟದವರ ಜೊತೆ ಗುರುಗಳು ಮಾತಾಡಿದ್ದಾರೆ. ಈಗ ಅವರು ಬುಧವಾರ ಗಂಜಿ, ಪಲ್ಯ ತೆಗೆದುಕೊಂಡು ಹೋಗುತ್ತಾರೆ.