ನೀಲಿ ನೇರಳೆಯಾದ ಕಡೆಯಿಂದ ಶುರುಮಾಡಿ

ಮಂಡ್ಯದ ಗೆಳೆಯರಿಗೆ ಮೈಸೂರಿನಿಂದ ನಮಸ್ಕಾರ.

ಪರದೆಯ ಬಣ್ಣ ಮತ್ತು ಮುದ್ರಣದ ಬಣ್ಣದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕಾರಣ ನಿಮ್ಮ ಐದನೇ ಪುಟ.

ಮೊದಲ ನಾಲ್ಕು ಪುಟ ಪರೀಕ್ಷೆಗೆ ಉತ್ತರ ಬರೆದ ಹಾಗಿದೆ. ಐದನೇ ಪುಟದಲ್ಲಿ ನೀವೇ ಎದುರಿಗೆ ಕೂತು ಮಾತಾಡುತ್ತೀರಿ. ಅಕ್ಕನ ಮದುವೆ ಕಾರ್ಡನ್ನು ನೀವೇ ಡಿಸೈನ್ ಮಾಡಿದ್ದು, ಮಾನಿಟರ್‌ನಲ್ಲಿ ಫಳಫಳ ಹೊಳೆಯುತ್ತಿದ್ದ ನೀಲಿ ಅಂಚು ಅಚ್ಚಾಗಿ ಬಂದಾಗ ನೇರಳೆಯಾಗಿದ್ದು, ಬಂಡಲ್ ಬಿಚ್ಚಿದ ಅಮ್ಮ ‘ಇದ್ಯಾಕಪ್ಪ ಬದನೆಕಾಯಿ ಬಣ್ಣ?’ ಎಂದದ್ದು. ಓದುಗರು ಅಲ್ಲಿ ನಿಲ್ಲುತ್ತಾರೆ. ಅದನ್ನೇ ಮೊದಲ ಸಾಲಾಗಿಸಿ.

ಆದರೆ ಅದಕ್ಕೆ ಕಾರಣ ‘ಪ್ರೆಸ್‌ನವರ ಬೇಜವಾಬ್ದಾರಿ’ ಎಂದು ಬರೆದಿದ್ದೀರಲ್ಲ, ಅದು ತಪ್ಪು. ನಿಮ್ಮ ಅಂಕಿಯನ್ನೇ ನೋಡಿ: ಕೆಂಪು 0, ಹಸಿರು 0, ನೀಲಿ 255. ಇದು ಬೆಳಕಿನ ನೀಲಿ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಇರುವುದು ಸಯಾನ್ (ಹಸಿರು ಬೆರೆತ ತಿಳಿ ನೀಲಿ), ಮಜೆಂಟಾ (ಕಡು ಗುಲಾಬಿ), ಹಳದಿ, ಕಪ್ಪು. ಇಂಥ ನೀಲಿ ಶಾಯಿಯೇ ಇಲ್ಲ. ಸಯಾನ್ ಮೇಲೆ ಮಜೆಂಟಾ ಬಿದ್ದು ನೀಲಿ ಹುಟ್ಟಬೇಕು. ಸಯಾನ್ ಕೆಂಪು ಬೆಳಕನ್ನು ನುಂಗುತ್ತದೆ, ಮಜೆಂಟಾ ಹಸಿರನ್ನು ನುಂಗುತ್ತದೆ, ಉಳಿಯುವುದು ನೀಲಿ. ಲೆಕ್ಕ ಸರಿ. ಆದರೆ ನಿಜವಾದ ಶಾಯಿ ಅಷ್ಟು ಶುದ್ಧ ಅಲ್ಲ, ನುಂಗಬಾರದ್ದನ್ನೂ ಒಂದಿಷ್ಟು ನುಂಗುತ್ತದೆ. ಮಜೆಂಟಾ ಪ್ರಮಾಣ ಸಯಾನ್ ಹತ್ತಿರಕ್ಕೆ ಬಂದರೆ ನೀಲಿ ನೇರಳೆ ಕಡೆ ಜಾರುತ್ತದೆ. ಅದಕ್ಕೇ ಅನುಭವ ಇರುವ ಡಿಸೈನರ್‌ಗಳು ಸಯಾನ್ ಶೇಕಡಾ 100 ಇಟ್ಟರೆ ಮಜೆಂಟಾವನ್ನು ಶೇಕಡಾ 70ಕ್ಕಿಂತ ಮೇಲೆ ಬಿಡುವುದಿಲ್ಲ. ಈ ಒಂದು ವಿಷಯ ಸರಿಯಾಗಿ ಬರೆದರೆ ಎಷ್ಟೋ ಡಿಟಿಪಿ ಹುಡುಗರಿಗೆ ಉಪಕಾರ ಆಗುತ್ತದೆ.

ಅದೇ ಕಾರ್ಡಿನಲ್ಲಿ ಮುಹೂರ್ತದ ಸಾಲು ಮಬ್ಬಾಗಿತ್ತು ಎಂದೂ ಹೇಳಿದ್ದೀರಿ. ಅದನ್ನು ಹಾಗೇ ಬಿಟ್ಟು ಮುಂದೆ ಹೋಗಿದ್ದೀರಿ. ಅಯ್ಯೋ, ಬಿಡಬಾರದಿತ್ತು! ಆರ್‌ಜಿಬಿ ಅಂದರೆ ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ, ಸಿಎಂವೈಕೆ ಅಂದರೆ ಅಚ್ಚಿನ ನಾಲ್ಕು ಶಾಯಿಯ ಲೆಕ್ಕ. ಆರ್‌ಜಿಬಿಯ ಕಪ್ಪು ಸಿಎಂವೈಕೆಗೆ ತಿರುಗಿದಾಗ ಸಾಮಾನ್ಯವಾಗಿ ನಾಲ್ಕೂ ಶಾಯಿಯ ಮಿಶ್ರಣ ಆಗುತ್ತದೆ. ಶಾಯಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟ್‌ಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಬಣ್ಣದ ನೆರಳು ಬರುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ಓದಿಸಿಕೊಳ್ಳುತ್ತದೆ. ನಮ್ಮ ಅಕ್ಷರಕ್ಕೆ ಒತ್ತು ಇದೆ, ಸುಳಿ ಇದೆ. ‘ಲಗ್ನ’ದ ನ ಒತ್ತು, ‘ಮುಹೂರ್ತ’ದ ಅರ್ಕಾವತ್ತು ಮೊದಲು ಕಲಸಿಹೋಗುತ್ತವೆ. ಸಣ್ಣ ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಸಾಕು: ಕೆ (ಕಪ್ಪು) 100, ಉಳಿದ ಮೂರು 0. ಕನ್ನಡದಲ್ಲಿ ಬರೆಯುವವರು ಹೇಳಲೇಬೇಕಾದ ಮಾತು ಇದು. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

ಇನ್ನೊಂದು ತಪ್ಪು. ‘ಸಿಎಂವೈಕೆಯಲ್ಲಿ ನಾಲ್ಕು ಬಣ್ಣ ಇರುವುದರಿಂದ ಹೆಚ್ಚು ಬಣ್ಣ ಸಿಗುತ್ತದೆ’ ಎಂದಿದ್ದೀರಿ. ಹಾಗಲ್ಲ. ಪರದೆಯಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ 256 ಹಂತ, ಮೂರನ್ನೂ ಗುಣಿಸಿದರೆ 1,67,77,216 ಬಣ್ಣ. ಅದರಲ್ಲಿ ಎಷ್ಟೋ ಬಣ್ಣವನ್ನು ಶಾಯಿ ಮುಟ್ಟಲಾರದು, ಮುಖ್ಯವಾಗಿ ಹೊಳೆಯುವ ಹಸಿರು, ನೀಲಿ, ಕಿತ್ತಳೆ. ನಿಮ್ಮ ವಿ.ಸಿ. ನಾಲೆ ಬಯಲಿನ ಎಳೆ ಭತ್ತದ ಪೈರು ಮೊಬೈಲ್‌ನಲ್ಲಿ ಹೇಗೆ ಕಾಣುತ್ತದೆ, ಅಚ್ಚಿನಲ್ಲಿ ಹೇಗೆ ಬರುತ್ತದೆ ಎಂದು ಹೇಳಿದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತದೆ.

‘ಸಂಕಲನಾತ್ಮಕ’, ‘ವ್ಯವಕಲನಾತ್ಮಕ’ ಎರಡನ್ನೂ ತೆಗೆಯಿರಿ. ಪರದೆಯದು ಬೆಳಕನ್ನು ಕೂಡುವ ಲೆಕ್ಕ, ಕಾಗದದ್ದು ಬೆಳಕನ್ನು ಕಳೆಯುವ ಲೆಕ್ಕ. ಇಷ್ಟೇ ಅಲ್ವಾ? ಬರೆಯುವ ಮೊದಲು ಮೊಬೈಲ್‌ನ ಬಿಳಿ ಪರದೆ ಮೇಲೆ ಒಂದು ಪುಟ್ಟ ಹನಿ ನೀರು ಬಿಟ್ಟು ನೋಡಿ. ಹನಿಯೊಳಗೆ ಬಿಳಿ ಇರುವುದಿಲ್ಲ. ಕೆಂಪು, ಹಸಿರು, ನೀಲಿ ಚುಕ್ಕಿಗಳು ಕಾಣುತ್ತವೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

ಪ್ರೆಸ್‌ನವರ ಮೇಲೆ ನಾನೂ ಒಮ್ಮೆ ಕೂಗಾಡಿದ್ದೇನೆ. ದಸರಾ ಸಂಚಿಕೆ ಮುಖಪುಟಕ್ಕೆ ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಯ ಫೋಟೊ ಹಾಕಿದ್ದೆವು. ಪರದೆಯಲ್ಲಿ ಕೆಂಡದ ಹಾಗಿದ್ದದ್ದು ಕಾಗದದ ಮೇಲೆ ಮಂಕಾಯಿತು. ಮಷಿನ್ ನಡೆಸುವವರು ಮಾತಾಡಲಿಲ್ಲ, ಭೂತಗನ್ನಡಿ ಕೈಗಿಟ್ಟರು. ಬಗ್ಗಿ ನೋಡಿದರೆ ಕುಂಕುಮವೇ ಇಲ್ಲ! ಮಜೆಂಟಾ ಚುಕ್ಕಿ, ಹಳದಿ ಚುಕ್ಕಿ, ನಡುವೆ ಅಲ್ಲಲ್ಲಿ ಬರೀ ಕಾಗದ. ಆ ಕಾಗದ ಸ್ವಲ್ಪ ಹಳದಿ ಮಿಶ್ರಿತ ಮ್ಯಾಪ್‌ಲಿತೋ, ಅಂದರೆ ನುಣುಪು ಲೇಪ ಇಲ್ಲದ್ದು, ಶಾಯಿ ಹೀರಿಕೊಂಡಿತ್ತು. ಫೈಲ್ ತಯಾರಿಸುವಾಗ ಕಾಗದ ಯಾವುದೆಂದು ನಾನು ಕೇಳಿರಲೇ ಇಲ್ಲ. ನಿಮ್ಮ ಲೇಖನದಲ್ಲೂ ಕಾಗದದ ಮಾತೇ ಬಂದಿಲ್ಲ.

‘ಯಾವಾಗಲೂ ಸಿಎಂವೈಕೆಯಲ್ಲೇ ಕೆಲಸ ಮಾಡಿ’ ಎಂಬ ಸಲಹೆ ತೆಗೆಯಿರಿ. ವಾಟ್ಸ್‌ಆಪ್‌ನಲ್ಲಿ ಕಳಿಸುವ ಕಾರ್ಡಿಗೆ ಆರ್‌ಜಿಬಿಯೇ ಸರಿ. ಮೂಲ ಫೈಲ್ ಉಳಿಸಿಕೊಂಡು, ಅಚ್ಚಿಗೆ ಬೇರೆ ಪ್ರತಿ ಮಾಡಿಕೊಳ್ಳಲಿ.

ಐದು ಪುಟ ಮೂರಕ್ಕೆ ಇಳಿಸಿ ಮತ್ತೆ ಕಳಿಸಿ. ಜೊತೆಗೆ ಆ ಮದುವೆ ಕಾರ್ಡ್ ಒಂದು ಉಳಿದಿದ್ದರೆ ಅಂಚೆಯಲ್ಲಿ ಹಾಕಿ. ಫೋಟೊ ತೆಗೆದು ಕಳಿಸಬೇಡಿ. ಫೋಟೊದಲ್ಲಿ ಆ ನೇರಳೆ ಮತ್ತೆ ಪರದೆಯ ಬಣ್ಣ ಆಗಿಬಿಡುತ್ತದೆ, ನನಗೆ ಬೇಕಾಗಿರುವುದು ಕಾಗದದ ಮೇಲಿನದ್ದು.