ಬ್ಲಾಕ್‌ಚೈನ್ ತಾಣದಲ್ಲಿ ಬರೆಯಲು ಹೊರಟವರಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಪೆರ್ಲದ ಸಮೀಪ ಅಡಿಕೆ ಕೃಷಿ ಮಾಡಿಕೊಂಡಿದ್ದೇನೆ. ಬರೆಯುವ ಹವ್ಯಾಸ ಕಾಲೇಜು ದಿನಗಳಿಂದಲೂ ಇದೆ. ಬರೆದದ್ದಕ್ಕೆ ಕ್ರಿಪ್ಟೊ ನಾಣ್ಯದ ರೂಪದಲ್ಲಿ ಸಂಭಾವನೆ ಸಿಗುತ್ತದೆಂದು ಕೇಳಿ ಮೂರು ತಿಂಗಳ ಹಿಂದೆ ಹೈವ್ ಎಂಬ ಬ್ಲಾಕ್‌ಚೈನ್ ತಾಣದಲ್ಲಿ ಖಾತೆ ತೆರೆದೆ. ಧ್ಯಾನದ ಪ್ರಯೋಜನ, ಬಿಟ್‌ಕಾಯಿನ್‌ನ ಭವಿಷ್ಯ, ಸಮಯಪಾಲನೆ ಮುಂತಾಗಿ ಇಪ್ಪತ್ತು ಲೇಖನಗಳನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದ್ದೇನೆ. ಹೆಚ್ಚಿನವುಗಳಿಗೆ ಸಿಕ್ಕಿದ್ದು ಸೊನ್ನೆ. ನಾಲ್ಕು ಸಾಲು ಬರೆದು ಒಂದು ಚಿತ್ರ ಹಾಕಿದವರಿಗೆ ಅಷ್ಟೊಂದು ಸಿಗುವುದು ಹೇಗೆ?
(ಒಬ್ಬ ಕೃಷಿಕ, ಪೆರ್ಲ)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಅಲ್ಲಿ ಹಣ ಹಂಚುವ ಕ್ರಮ ತಿಳಿದರೆ ಈ ಸೊನ್ನೆ ನಿಮ್ಮ ಬರವಣಿಗೆಗೆ ಕೊಟ್ಟ ಅಂಕವಲ್ಲವೆಂಬುದು ಸ್ಪಷ್ಟವಾದೀತು. 2016ರ ಮಾರ್ಚ್‌ನಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಸೇರಿ ಕಾಪಾಡುವ ಲೆಕ್ಕದ ದಾಖಲೆ) ಈ ಪದ್ಧತಿಯನ್ನು ಆರಂಭಿಸಿತು. 2020ರ ಮಾರ್ಚ್ 20ರಂದು ಅದರಿಂದ ಕವಲೊಡೆದದ್ದೇ ಹೈವ್. ಪ್ರತಿದಿನ ಹೊಸದಾಗಿ ಹುಟ್ಟುವ ನಾಣ್ಯಗಳಲ್ಲಿ ಒಂದು ಪಾಲನ್ನು ಓದುಗರು ಹಾಕಿದ ಮತಗಳಿಗೆ ಅನುಸಾರವಾಗಿ ಬರಹಗಳಿಗೆ ಹಂಚಲಾಗುತ್ತದೆ. ಅಲ್ಲಿ ಎಣಿಕೆಗೆ ಬರುವುದು ಮತಗಳ ಸಂಖ್ಯೆಗಿಂತ ಹೆಚ್ಚಾಗಿ, ಮತ ಹಾಕಿದವರು ತಮ್ಮ ಖಾತೆಯಲ್ಲಿ ಕೂಡಿಟ್ಟಿರುವ ಹೈವ್ ಪವರ್‌ನ, ಅಂದರೆ ಕೂಡಲೇ ಹಿಂಪಡೆಯಲಾಗದಂತೆ ತೊಡಗಿಸಿಟ್ಟ ನಾಣ್ಯಗಳ ತೂಕ. ಹೊಸಬರು ಐವತ್ತು ಜನ ಸೇರಿ ಮೆಚ್ಚಿದರೂ ಒಬ್ಬ ಹಳೆಯ ಸದಸ್ಯರ ಒಂದು ಮತಕ್ಕೆ ಸಮನಾಗದಿರಬಹುದು. ಏಳು ದಿನ ತುಂಬಿದಾಗ ಲೆಕ್ಕ ಮುಗಿಯುತ್ತದೆ. ಮೊತ್ತ ಡಾಲರ್ ಲೆಕ್ಕದಲ್ಲಿ ಎರಡು ಸೆಂಟಿಗಿಂತ ಕಡಿಮೆಯಾದರೆ ಪಾವತಿಯೇ ಇಲ್ಲ. ನಿಮ್ಮ ಸೊನ್ನೆಗಳಲ್ಲಿ ಹಲವು ಹೀಗೆ ಬಂದವೇ ಆಗಿರಬೇಕು.

ಇದರಲ್ಲಿ ಹೊಸಬರಿಗೆ ಅನುಕೂಲವಾದ ಒಂದು ಸಂಗತಿಯೂ ಇದೆ. ಬರಹಕ್ಕೆ ಬಂದ ಮೊತ್ತದಲ್ಲಿ ಅರ್ಧ ಲೇಖಕರಿಗೆ ಸಂದರೆ ಉಳಿದ ಅರ್ಧ ಮತ ಹಾಕಿದವರಿಗೆ ಸಲ್ಲುತ್ತದೆ; ಹಾಗಾಗಿ ದೊಡ್ಡ ಖಾತೆಯವರೂ ಓದಲು ಯೋಗ್ಯವಾದ ಬರಹವನ್ನು ಹುಡುಕುತ್ತಲೇ ಇರುತ್ತಾರೆ. ಆದರೆ ಅವರ ಕೈಯಲ್ಲೂ ಮಿತಿಯಿದೆ. ಒಂದು ಪೂರ್ಣ ಮತಕ್ಕೆ ಮತಶಕ್ತಿಯ ಶೇಕಡಾ 2ರಷ್ಟು ಖರ್ಚಾಗಿ, ದಿನವೊಂದಕ್ಕೆ ಶೇಕಡಾ 20ರಷ್ಟು ಮರಳಿ ತುಂಬುವುದರಿಂದ, ದಿನಕ್ಕೆ ಹತ್ತು ಪೂರ್ಣ ಮತಗಳಷ್ಟೇ ಅವರ ಪಾಲಿಗಿವೆ. ಆ ಹತ್ತು ಸಹಜವಾಗಿಯೇ ಪರಿಚಿತರಿಗೆ ಹೋಗುತ್ತವೆ. ನೀವು ಬರೆದ ಇಪ್ಪತ್ತು ಲೇಖನಗಳ ವಿಷಯ ತಿಳಿಸಿದ್ದೀರಿ; ಆ ಮೂರು ತಿಂಗಳಲ್ಲಿ ಇತರರ ಎಷ್ಟು ಬರಹಗಳನ್ನು ಓದಿ ಅಭಿಪ್ರಾಯ ತಿಳಿಸಿದಿರಿ ಎಂಬುದನ್ನು ತಿಳಿಸಿಲ್ಲ. ಮುಂದಿನ ಒಂದು ತಿಂಗಳು ವಾರಕ್ಕೆ ಒಂದೇ ಲೇಖನ ಬರೆದು, ಉಳಿದ ಸಮಯವನ್ನು ಕೃಷಿ, ನೀರು, ಛಾಯಾಗ್ರಹಣದಂತಹ ಸಮುದಾಯಗಳಲ್ಲಿ ಓದುವುದಕ್ಕೆ ಕೊಡಿ. 'ಚೆನ್ನಾಗಿದೆ' ಎಂಬ ಒಂದು ಪದದ ಪ್ರತಿಕ್ರಿಯೆಯಿಂದ ಯಾರಿಗೂ ನಿಮ್ಮ ಪರಿಚಯವಾಗದು. ಬರಹದೊಳಗಿನ ಒಂದು ವಿಚಾರವನ್ನು ಹಿಡಿದು ನಿಮ್ಮ ಅನುಭವದಿಂದ ಒಂದು ಮಾತು ಸೇರಿಸಿದರೆ, ಆ ಲೇಖಕರು ನಿಮ್ಮ ಖಾತೆಯತ್ತ ಬಂದೇ ಬರುತ್ತಾರೆ.

ಅವರು ಬಂದಾಗ ಕಾಣಬೇಕಾದದ್ದು ಧ್ಯಾನದ ಪ್ರಯೋಜನವಲ್ಲ. ಅದನ್ನು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತವರೂ ಬರೆಯಬಲ್ಲರು. ನಿಮ್ಮ ತೋಟಕ್ಕೆ ಸುರಂಗದ ನೀರು ಬರುತ್ತಿದ್ದರೆ, ಅಥವಾ ನೆರೆಯ ಗುಡ್ಡದಲ್ಲಿ ಒಂದು ಸುರಂಗವಾದರೂ ಇದ್ದರೆ, ಅಲ್ಲಿಂದ ಆರಂಭಿಸಿ. ಮುರಕಲ್ಲಿನ ಗುಡ್ಡದ ಬದಿಯಲ್ಲಿ ಒಬ್ಬನೇ ಹೋಗುವಷ್ಟು ಅಗಲಕ್ಕೆ ಪಿಕಾಸಿನಿಂದ ಅಡ್ಡಲಾಗಿ ಕೊರೆಯುತ್ತ ಹೋಗುವುದು, ಒಳಗಿನ ಗಾಳಿ ಸಾಕೇ ಎಂದು ಮೇಣದಬತ್ತಿಯ ಉರಿ ನೋಡಿ ತಿಳಿಯುವುದು, ಒರತೆ ಸಿಕ್ಕ ಮೇಲೆ ಪಂಪಿನ ಹಂಗಿಲ್ಲದೆ ನೀರು ತಾನಾಗಿ ಕೆರೆಗೆ ಇಳಿದು ಬರುವುದು: ಇವನ್ನು ಕಣ್ಣಾರೆ ಕಂಡವರು ಕಾಸರಗೋಡಿನಲ್ಲೂ ಪಕ್ಕದ ದಕ್ಷಿಣ ಕನ್ನಡದಲ್ಲೂ ಇದ್ದಾರೆಯೇ ಹೊರತು ಬೇರೆಡೆ ಹುಡುಕಿದರೂ ಸಿಗುವುದು ಕಷ್ಟ. ಸುರಂಗ ಕೊರೆದ ಹಿರಿಯರು ನಿಮ್ಮ ಊರಿನಲ್ಲಿ ಇನ್ನೂ ಇದ್ದರೆ ತಡಮಾಡದೆ ಅವರನ್ನು ಮಾತನಾಡಿಸಿ; ಈ ಕೆಲಸ ನಾಣ್ಯಕ್ಕಿಂತ ತುರ್ತಿನದೆಂದೇ ನನ್ನ ಭಾವನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವುದೂ ಹಾಗೆಯೇ ಬರೆಯಬೇಕಾದ ವಿಷಯ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ ಎಂಬ ಬೋರ್ಡೋ ದ್ರಾವಣದ ಅಳತೆ ನಿಮಗೆ ದಿನನಿತ್ಯದ ಸಂಗತಿ. ಅಡಿಕೆ ಮರವನ್ನೇ ನೋಡದವರಿಗೆ ಅದರ ಒಂದೊಂದು ಹಂತವೂ ಹೊಸದು. ಚಿತ್ರಗಳು ನೀವೇ ತೆಗೆದವಾಗಿರಲಿ. ಬೇರೆಯವರ ಚಿತ್ರ ಅಥವಾ ಪಠ್ಯವನ್ನು ಎತ್ತಿ ಹಾಕಿದರೆ ಸದಸ್ಯರು ವಿರುದ್ಧ ಮತ ಹಾಕಿ ಬಂದ ಮೊತ್ತವನ್ನು ಇಲ್ಲವಾಗಿಸುತ್ತಾರೆ, ಆ ಕಳಂಕ ಬಹುಕಾಲ ಉಳಿಯುತ್ತದೆ.

ಪ್ರಶ್ನೆ: ಕನ್ನಡದಲ್ಲೇ ಬರೆದರೆ ಅಲ್ಲಿ ಯಾರು ಓದುತ್ತಾರೆ?
(ನಿವೃತ್ತ ಶಿಕ್ಷಕಿ, ಮಂಜೇಶ್ವರ)

ಉತ್ತರ: ಸದ್ಯಕ್ಕೆ ಕೆಲವರೇ, ನಿಜ. ಆದರೂ ಕನ್ನಡವನ್ನು ಕೈಬಿಡಬೇಡಿ ಎಂದೇ ಹೇಳುತ್ತೇನೆ. ಮೊದಲು ಕನ್ನಡದಲ್ಲಿ ಬರೆದು, ಅದರ ಕೆಳಗೆ ಅದೇ ವಿಷಯವನ್ನು ನಿಮ್ಮದೇ ಸರಳ ಇಂಗ್ಲಿಷಿನಲ್ಲಿ ಹತ್ತು ಹನ್ನೆರಡು ವಾಕ್ಯಗಳಲ್ಲಿ ತಿಳಿಸಿ. ಯಂತ್ರ ಮಾಡಿಕೊಟ್ಟ ಅನುವಾದವನ್ನು ಹಾಗೆಯೇ ಅಂಟಿಸಿದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ. ಗಡಿನಾಡಿನ ನಮಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳವೆಂದು ಭಾಷೆ ದಾಟುವುದು ರೂಢಿಯೇ ಆಗಿರುವುದರಿಂದ, ಈ ಎರಡು ಭಾಷೆಯ ಕ್ರಮ ನಿಮಗೆ ಭಾರವೆನಿಸಲಾರದು.

ಪ್ರಶ್ನೆ: ಪರಿಚಿತರೊಬ್ಬರು ಹತ್ತು ಸಾವಿರ ರೂಪಾಯಿ ಕೊಟ್ಟರೆ ನನ್ನ ಹೆಸರಿನಲ್ಲಿ ಖಾತೆ ತೆರೆದು, ಪಾಸ್‌ವರ್ಡನ್ನು ತಾವೇ ಇಟ್ಟುಕೊಂಡು, ತಿಂಗಳು ತಿಂಗಳು ಆದಾಯ ಕೊಡುವುದಾಗಿ ಹೇಳುತ್ತಾರೆ. ಒಪ್ಪಬಹುದೇ?
(ಗೃಹಿಣಿ, ಕುಂಬಳೆ)

ಉತ್ತರ: ದಯವಿಟ್ಟು ಒಪ್ಪಬೇಡಿ. ಬರೆಯಲು ಬಂಡವಾಳ ಬೇಕಿಲ್ಲ, ತಿಂಗಳಿಗೆ ಇಷ್ಟೆಂದು ಆದಾಯದ ಭರವಸೆ ಕೊಡಲು ಅಲ್ಲಿ ಯಾರಿಗೂ ಸಾಧ್ಯವೂ ಇಲ್ಲ. ನಾಣ್ಯದ ಬೆಲೆ ಏರಿಳಿಯುತ್ತದೆ. ಹೈವ್ ಪವರ್ ಆಗಿ ಸೇರಿದ ಪಾಲನ್ನು ಹಿಂಪಡೆಯಲು ಹೊರಟರೆ ಅದು 13 ವಾರಗಳ ಕಂತುಗಳಲ್ಲಿ ಬರುತ್ತದೆ. ಕ್ರಿಪ್ಟೊ ಮಾರಿ ಬಂದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇಕಡಾ 30ರ ತೆರಿಗೆ ಜಾರಿಯಲ್ಲಿದ್ದು, ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಅವಕಾಶವೂ ಇಲ್ಲ. ಮನೆ ಖರ್ಚಿಗೆ ಈ ಆದಾಯವನ್ನು ನೆಚ್ಚಿಕೊಳ್ಳುವಂತಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪಾಸ್‌ವರ್ಡ್. ಬ್ಯಾಂಕಿನಲ್ಲಾದರೆ ಗುರುತು ತೋರಿಸಿ ಹೊಸದನ್ನು ಪಡೆಯಬಹುದು. ಇಲ್ಲಿ ಹಾಗೆ ಕೇಳಲು ಕಚೇರಿಯೇ ಇಲ್ಲ. ಖಾತೆಯನ್ನು ನೀವೇ ತೆರೆದರೆ ಒಂದು ಮುಖ್ಯ ಪಾಸ್‌ವರ್ಡ್, ಅದರಿಂದ ಹುಟ್ಟಿದ ನಾಲ್ಕು ಕೀಗಳು (ಬೇರೆ ಬೇರೆ ಕೆಲಸಕ್ಕೆ ಬಳಸುವ ಗುಪ್ತ ಅಕ್ಷರಸಾಲುಗಳು) ಸಿಗುತ್ತವೆ. ಬರೆಯುವುದಕ್ಕೂ ಮತ ಹಾಕುವುದಕ್ಕೂ ಪೋಸ್ಟಿಂಗ್ ಕೀ ಒಂದೇ ಸಾಕು, ಫೋನಿನಲ್ಲಿ ಅದನ್ನು ಮಾತ್ರ ಇಟ್ಟುಕೊಳ್ಳಿ. ಹಣ ವರ್ಗಾಯಿಸುವ ಆಕ್ಟಿವ್ ಕೀ, ಖಾತೆಯ ಒಡೆತನವನ್ನೇ ಬದಲಿಸಬಲ್ಲ ಓನರ್ ಕೀ, ಮುಖ್ಯ ಪಾಸ್‌ವರ್ಡ್, ಇವನ್ನು ಕಾಗದದಲ್ಲಿ ತಪ್ಪಿಲ್ಲದೆ ಎರಡು ಪ್ರತಿ ಬರೆದು, ಒಂದನ್ನು ಮನೆಯಲ್ಲಿ ಆಸ್ತಿಪತ್ರದ ಜೊತೆಗೂ ಇನ್ನೊಂದನ್ನು ನಂಬಿಕೆಯ ಬೇರೊಂದು ಜಾಗದಲ್ಲೂ ಇಡಿ. ಈಗಾಗಲೇ ಆ ಪರಿಚಿತರು ನಿಮ್ಮ ಹೆಸರಿನಲ್ಲಿ ಖಾತೆ ತೆರೆದುಬಿಟ್ಟಿದ್ದರೆ ಅದನ್ನು ಅಲ್ಲಿಗೇ ಬಿಟ್ಟು, ನಿಮ್ಮದೇ ಫೋನಿನಿಂದ ಹೊಸ ಖಾತೆ ತೆರೆಯಿರಿ.