"ಗೊತ್ತಿಲ್ಲ" ಎನ್ನಲು ಹೆದರುತ್ತಿದ್ದ ಟೀಚರ್

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಆಪ್ತಸಲಹೆಗೆಂದು ನನ್ನ ಬಳಿ ಬಂದವರು ಮಲೆನಾಡಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಟೀಚರ್. ವಿಜ್ಞಾನದ ಪೀರಿಯಡ್ ಇರುವ ದಿನ ಬೆಳಿಗ್ಗೆಯಿಂದಲೇ ತಲೆನೋವು. ಡಾಕ್ಟರು ಬಿಪಿ, ಕಣ್ಣು ಎಲ್ಲ ನೋಡಿ ಏನೂ ಇಲ್ಲ ಅಂದಿದ್ದರು.

ಮೊದಲ ದಿನ ಸಿಲೆಬಸ್ಸು, ಬಿಸಿಯೂಟದ ಲೆಕ್ಕ ಅಂತ ಮಾತಾಡಿ ಹೋದರು. ಎರಡನೇ ಸಲ ನಿಜ ವಿಷಯ ಹೊರಬಿತ್ತು. ಆರನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದನಂತೆ: "ಟೀಚರ್, ನಾಚಿಕೆ ಮುಳ್ಳು ಮುಟ್ಟಿದ್ರೆ ಮುದುಡುತ್ತೆ, ಸರಿ. ರಾತ್ರಿ ಯಾರೂ ಮುಟ್ಟಲ್ವಲ್ಲ, ಆಗ್ಲೂ ಯಾಕೆ ಮುದುಡುತ್ತೆ?" ನಾಚಿಕೆ ಮುಳ್ಳು ಅಂದರೆ ನಮ್ಮ ಮುಟ್ಟಿದರೆ ಮುನಿ.

ಇವರಿಗೆ ಗೊತ್ತಿರಲಿಲ್ಲ. "ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೋ" ಅಂದುಬಿಟ್ಟರು. ಕ್ಲಾಸೆಲ್ಲ ನಕ್ಕಿತು. ಎರಡು ತಿಂಗಳಾದರೂ ಅವನು ಮತ್ತೆ ಕೈ ಎತ್ತಿಲ್ಲ.

"ಇದೇ ಮಾತು ಚಿಕ್ಕವಳಿದ್ದಾಗ ನಾನೂ ಕೇಳಿಸ್ಕೊಂಡಿದ್ದೆ ಮೇಡಂ. ಬೆಂಚಿನ ಮೇಲೆ ನಿಲ್ಲಿಸಿದ್ರು." ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು.

ಈ ಅಧಿಕಪ್ರಸಂಗ ಅನ್ನೋ ಪದ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದೆಯೋ! ದೊಡ್ಡವರಿಗೆ ಉತ್ತರ ಗೊತ್ತಿಲ್ಲದಾಗಲೇ ಅದು ಜಾಸ್ತಿ ಹೊರಗೆ ಬರೋದು, ಅಲ್ವಾ?

ನಾನು ಮೊದಲು ಮಾಡಿಸಿದ್ದು ಒಂದೇ ಕೆಲಸ. "ಗೊತ್ತಿಲ್ಲ" ಅಂತ ನನ್ನ ಮುಂದೆಯೇ ಹೇಳಿಸಿದೆ. ಮೊದಲ ಸಲ ದನಿ ಗಂಟಲಲ್ಲೇ ಉಳಿಯಿತು. ಐದಾರು ಸಲ ಆದಮೇಲೆ ಮಾತು ಸಲೀಸಾಯಿತು: "ನಂಗೂ ಗೊತ್ತಿಲ್ಲ ಕಣೋ. ನಿಂಗೇನನ್ಸುತ್ತೆ?" ಈ ಎರಡನೇ ಮಾತು ಬೇಕೇ ಬೇಕು. ಸುಮ್ನೆ "ಗೊತ್ತಿಲ್ಲ" ಅಂತ ಬಿಟ್ಟರೆ ಪ್ರಶ್ನೆ ಅಲ್ಲೇ ಸಾಯುತ್ತೆ. ಬೋರ್ಡಿನ ಮೂಲೆಯಲ್ಲಿ ಪ್ರಶ್ನೆ, ಕೇಳಿದವರ ಹೆಸರು, ತಾರೀಖು ಬರೆದಿಡಿ, ಮೊಬೈಲ್ ತೆಗೆಯುವ ಮೊದಲು ಎರಡು ದಿನ ಮಕ್ಕಳೇ ತಲೆ ಕೆಡಿಸಿಕೊಳ್ಳಲಿ ಅಂದೆ. ಪ್ರಶ್ನೆ ಪೆಟ್ಟಿಗೆ ಇಡಿ ಅಂತಲೂ ಹೇಳಿದ್ದೆ. ಅದು ಕೆಲಸಕ್ಕೆ ಬರಲಿಲ್ಲ. ಮಕ್ಕಳು ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳನ್ನೇ ಬರೆದು ಹಾಕಿದರು.

ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಿ ಅಂದಿದ್ದೆ. ಅವರು ಒಪ್ಪಲಿಲ್ಲ. "ಅವಮಾನ ಮಾಡಿದ್ದು ಎಲ್ಲರ ಮುಂದೆ" ಎಂದು ಕ್ಲಾಸಿನಲ್ಲೇ ತಪ್ಪು ಒಪ್ಪಿಕೊಂಡರು. ನನಗಿಂತ ಅವರೇ ಸರಿ.

ಅಷ್ಟರಲ್ಲಿ ಆ ಪ್ರಶ್ನೆ ನನ್ನನ್ನೂ ಹಿಡಿದಿತ್ತು. ಹುಡುಕಿ ಓದಿದೆ. 1729ರಲ್ಲಿ ಡಿ ಮೈರಾನ್ ಎಂಬ ಫ್ರಾನ್ಸಿನ ಖಗೋಳ ವಿಜ್ಞಾನಿ ಇಂಥದ್ದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ್ದ. ಬಿಸಿಲು ಕಾಣದಿದ್ದರೂ ಎಲೆ ಹಗಲು ಬಿಚ್ಚಿ ರಾತ್ರಿ ಮುಚ್ಚಿಕೊಳ್ಳುತ್ತಿತ್ತು. ಗಿಡದ ಒಳಗೇ ಒಂದು ಗಡಿಯಾರ ಇದೆ ಅಂತ ಆಮೇಲೆ ತಿಳಿಯಿತು. ಅಂಥ ಗಡಿಯಾರ ನೊಣದಲ್ಲಿ ಹೇಗೆ ನಡೆಯುತ್ತೆ ಅಂತ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ಎಲೆ ಬುಡದ ಗಂಟಿನಲ್ಲಿ ನೀರಿನ ಒತ್ತಡ ಇಳಿದರೆ ಎಲೆ ಮಡಚುತ್ತೆ, ಅದು ಗೊತ್ತು. ಆದರೆ ರಾತ್ರಿ ಮುಚ್ಚಿಕೊಂಡು ಗಿಡಕ್ಕೆ ಏನು ಲಾಭ ಅನ್ನೋದು ಇವತ್ತಿಗೂ ಪೂರ್ತಿ ತೀರ್ಮಾನವಾಗಿಲ್ಲ.

"ಹಾಗಾದ್ರೆ ಗೊತ್ತಿಲ್ಲದಿರೋದು ನಂಗೊಬ್ಬಳಿಗೇ ಅಲ್ಲ!" ಎಂದು ಟೀಚರ್ ಜೋರಾಗಿ ನಕ್ಕರು. ಈ ಕಥೆ ಈಗಲೇ ಮಕ್ಕಳಿಗೆ ಹೇಳಬೇಡಿ, ಕತ್ತಲಲ್ಲಿಟ್ಟರೆ ಏನಾಗಬಹುದು ಅಂತ ಕೇಳಿ ಅಂದೆ.

ನಾಲ್ಕನೇ ಸಲ ಸುದ್ದಿ ತಂದರು. ಕುಂಡದಲ್ಲಿ ಗಿಡ ನೆಟ್ಟು, ಆಟದ ಸಾಮಾನಿನ ಬೀರು ಖಾಲಿ ಮಾಡಿ ಅದರಲ್ಲಿಟ್ಟಿದ್ದರು. ಹೆಡ್‌ಮಾಸ್ಟರು ವಾಲಿಬಾಲ್ ಎಲ್ಲಿ ಅಂತ ಗೊಣಗಿದರಂತೆ. ಮರುದಿನ ಬೆಳಿಗ್ಗೆ ಅವಸರಕ್ಕೆ ಕುಂಡ ಎಳೆದರೆ, ಅಲುಗಿದ್ದಕ್ಕೇ ಎಲೆಯೆಲ್ಲ ಮುದುಡಿತು. ಅದರ ಮಾರನೆ ದಿನ ಬಾಗಿಲು ಮೆಲ್ಲಗೆ ಸರಿಸಿ, ಉಸಿರು ಬಿಗಿಹಿಡಿದು ಒಬ್ಬೊಬ್ಬರೇ ಇಣುಕಿದರು. ಎಲೆ ಬಿಚ್ಚಿತ್ತು.

ತಲೆನೋವು ಪೂರ್ತಿ ಹೋಗಿಲ್ಲ, ಗಣಿತದ ದಿನ ಇನ್ನೂ ಬರುತ್ತಂತೆ. ಅದಕ್ಕೆ ಮುಂದಿನ ವಾರ ಬರಲು ಹೇಳಿದ್ದೇನೆ. ಹೋಗುವಾಗ ಬೋರ್ಡಿನ ಮೂಲೆಯ ಫೋಟೋ ತೋರಿಸಿದರು. ಆ ಹುಡುಗನ ಹೆಸರು, ತಾರೀಖು, ಕೆಳಗೆ ಪ್ರಶ್ನೆ: "ನಿದ್ದೆ ಬರದ ಗಿಡ ಇರುತ್ತಾ?"